ಮಗಳು ಬಿ.ಎ.ಗೆ ಚೀನೀ ಭಾಷೆಯನ್ನೇ ಓದುತ್ತೇನೆ ಎನ್ನುತ್ತಾಳೆ, ಕಳಿಸಬಹುದೇ?

ಪ್ರಶ್ನೆ: ನನ್ನ ಮಗಳು ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ ಓದುತ್ತಿದ್ದಾಳೆ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಒಂದು ವರ್ಷದಿಂದ ಯೂಟ್ಯೂಬ್ ನೋಡಿಕೊಂಡು ನೋಟ್‌ಬುಕ್ಕಿನ ತುಂಬ ಚೀನೀ ಅಕ್ಷರಗಳನ್ನು ಬರೆಯುತ್ತಿದ್ದಾಳೆ. ಈಗ ಬಿ.ಎ.ಯಲ್ಲಿ ಚೀನೀ ಭಾಷೆ ಮತ್ತು ಸಂಸ್ಕೃತಿಯನ್ನೇ ಓದುತ್ತೇನೆ, ದೆಹಲಿಗೋ ಶಾಂತಿನಿಕೇತನಕ್ಕೋ ಕಳಿಸಿ ಎಂದು ಹಠ ಹಿಡಿದಿದ್ದಾಳೆ. ಬೆಂಗಳೂರಿನಲ್ಲಿರುವ ನಮ್ಮ ಭಾವನವರು, ಆ ಭಾಷೆಗೆ ಐವತ್ತು ಸಾವಿರ ಅಕ್ಷರಗಳಿವೆ, ಶತ್ರುದೇಶದ ಭಾಷೆ ಓದಿದವರಿಗೆ ಸರ್ಕಾರಿ ನೌಕರಿ ಸಿಗುವುದಿಲ್ಲ, ಹೇಗೂ ಈಗ ಮೊಬೈಲೇ ಅನುವಾದ ಮಾಡುತ್ತದೆ ಎನ್ನುತ್ತಾರೆ. ನಮಗಿರುವುದು ಎರಡು ಎಕರೆ ಅಡಿಕೆ ತೋಟ. ಶುದ್ಧ ಸಸ್ಯಾಹಾರಿಗಳು. ನಾಳೆ ಅವಳು ಚೀನಾಕ್ಕೆ ಹೋಗಬೇಕಾದರೆ ಊಟಕ್ಕೇನು ಎಂಬ ಚಿಂತೆ ಅವಳ ತಾಯಿಗೆ. ದಯವಿಟ್ಟು ಮಾರ್ಗದರ್ಶನ ಮಾಡಿ.
ಸಾಗರ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ಅಕ್ಷರ, ನೌಕರಿ, ಮೊಬೈಲು, ಊಟ ಎಂದು ನಾಲ್ಕು ಅಂಜಿಕೆಗಳಿವೆ. ಇವೆಲ್ಲದರ ಹಿಂದೆ, ನಾಲ್ಕೈದು ವರ್ಷ ಕಳೆದ ಮೇಲೆ ಮಗಳ ಕೈಯಲ್ಲಿ ಏನು ಉಳಿಯುತ್ತದೆ ಎಂಬ ಒಂದೇ ಪ್ರಶ್ನೆ ಇದೆ ಎಂದುಕೊಂಡು ಉತ್ತರಿಸುತ್ತಿದ್ದೇನೆ. ಇಪ್ಪತ್ತು ವರ್ಷಗಳಿಂದ ಈ ಭಾಷೆಯನ್ನು ಕಾಲೇಜಿನಲ್ಲಿ ಕಲಿಸುತ್ತ, ನಡುನಡುವೆ ದುಭಾಷಿಯ ಕೆಲಸವನ್ನೂ ಮಾಡಿರುವ ನನಗೆ ಕಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಭಾವನವರು ತೋರಿಸಿದ ಜಾಗಗಳಲ್ಲಿ ಅಪಾಯ ಅವರು ಹೇಳುವಷ್ಟಿಲ್ಲ. ಅವರು ಹೇಳದೆ ಬಿಟ್ಟ ಒಂದು ಜಾಗದಲ್ಲಿ, ಅಂದರೆ ಈ ಭಾಷೆ ಕೇಳುವ ಸಮಯದ ವಿಷಯದಲ್ಲಿ, ಹೆಚ್ಚಿಗಿದೆ.

ಐವತ್ತು ಸಾವಿರ ಅಕ್ಷರದ ಮಾತು ಪೂರ್ತಿ ಕಟ್ಟುಕತೆಯೇನೂ ಅಲ್ಲ. 1716ರಲ್ಲಿ ಕಾಂಗ್‌ಶಿ ಚಕ್ರವರ್ತಿಯ ಕಾಲದಲ್ಲಿ ಮುಗಿದ ಹಿರಿಯ ನಿಘಂಟಿನಲ್ಲಿ 47,000ಕ್ಕೂ ಹೆಚ್ಚು ಅಕ್ಷರಗಳಿವೆ. ಆದರೆ ಅವುಗಳಲ್ಲಿ ಬಹುಪಾಲು ಹಳೆಯ ಗ್ರಂಥಗಳಲ್ಲಿ ಎಲ್ಲೋ ಒಮ್ಮೆ ತಲೆದೋರಿ ಮರೆಯಾದವು, ಇಲ್ಲವೇ ಒಂದೇ ಅಕ್ಷರದ ಬೇರೆ ಬೇರೆ ರೂಪಗಳು. ದಿನಪತ್ರಿಕೆ ಓದಲು ಅವನ್ನೆಲ್ಲ ಕಲಿಯಬೇಕೆಂದರೆ, ಕನ್ನಡ ಪೇಪರು ಓದುವ ಮೊದಲು ಹಳಗನ್ನಡದ ನಿಘಂಟನ್ನೆಲ್ಲ ಬಾಯಿಪಾಠ ಮಾಡು ಎಂದಂತಾಗುತ್ತದೆ. ಚೀನಾ ಸರ್ಕಾರ 2013ರಲ್ಲಿ ಹೊರಡಿಸಿದ ಪ್ರಮಾಣಿತ ಪಟ್ಟಿಯಲ್ಲಿರುವುದು ಒಟ್ಟು 8,105 ಅಕ್ಷರಗಳು, ಅದರಲ್ಲೂ ಸಾಮಾನ್ಯ ಬಳಕೆಯ ಮೊದಲ ವರ್ಗದಲ್ಲಿ 3,500. ವಿದೇಶಿ ವಿದ್ಯಾರ್ಥಿಗಳಿಗಾಗಿ 2021ರಲ್ಲಿ ರೂಪಿಸಿದ ಒಂಬತ್ತು ಹಂತಗಳ ಮಾನದಂಡದಲ್ಲಿ ಕೊನೆಯ ಹಂತದವರಿಗೂ ಕೇಳುವುದು 3,000 ಅಕ್ಷರಗಳನ್ನು ಮಾತ್ರ.

ಇವು ಒಂದಕ್ಕೊಂದು ಸಂಬಂಧವಿಲ್ಲದ ಚಿತ್ರಗಳೂ ಅಲ್ಲ. ಹೆಚ್ಚಿನ ಅಕ್ಷರಗಳಲ್ಲಿ ಒಂದು ಭಾಗ ಉಚ್ಚಾರವನ್ನೂ ಇನ್ನೊಂದು ಭಾಗ ಅರ್ಥದ ದಿಕ್ಕನ್ನೂ ಸೂಚಿಸುತ್ತದೆ. 'ಛಿಂಗ್' ಎಂಬ ಉಚ್ಚಾರದ ಒಂದು ಅಕ್ಷರವನ್ನು ತೆಗೆದುಕೊಳ್ಳಿ. ಅದರ ಎಡಕ್ಕೆ ನೀರಿನ ಮೂರು ಹನಿ ಹಾಕಿದರೆ ತಿಳಿಯಾದದ್ದು ಎಂದಾಗುತ್ತದೆ, ಸೂರ್ಯನನ್ನಿಟ್ಟರೆ ಮೋಡವಿಲ್ಲದ ಬಾನು, ಹೃದಯವನ್ನಿಟ್ಟರೆ ಭಾವನೆ, ಮಾತಿನ ಗುರುತನ್ನಿಟ್ಟರೆ 'ದಯವಿಟ್ಟು'. ನಾಲ್ಕರ ಉಚ್ಚಾರವೂ ಛಿಂಗ್ ಎಂದೇ, ಕೆಲವದರಲ್ಲಿ ಸ್ವರದ ಏರಿಳಿತ ಮಾತ್ರ ಬೇರೆ. ಮೊದಲ ಇನ್ನೂರು ಅಕ್ಷರಗಳನ್ನು ಬರೆದು ಬರೆದು ಕೈ ಸೋಲುತ್ತದೆ ನಿಜ. ಐನೂರು ದಾಟಿದ ಮೇಲೆ ಹೊಸ ಅಕ್ಷರ ಕಂಡಾಗ ಹಳೆಯ ನೆಂಟರ ಮಗುವನ್ನು ಕಂಡಂತೆ ಗುರುತು ಹತ್ತತೊಡಗುತ್ತದೆ. ಹಠದಿಂದ ನೋಟ್‌ಬುಕ್ ತುಂಬಿಸುವ ಹುಡುಗಿ ಲಿಪಿಯಲ್ಲಿ ಸೋಲುವ ಸಂಭವ ಕಡಿಮೆ. ಎರಡನೆಯ ವರ್ಷಕ್ಕೆ ಬಿಟ್ಟುಹೋದ ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಲಿಪಿಗೆ ಹೆದರಿ ಬಿಟ್ಟವರಲ್ಲ, ಕೇಳಿದ್ದು ಕಿವಿಗೆ ಹತ್ತಲಿಲ್ಲವೆಂದು ಬಿಟ್ಟವರು.

ಕಿವಿಯ ವಿಷಯಕ್ಕೆ ಬಂದಾಗ ಕನ್ನಡ ಮಾಧ್ಯಮದಲ್ಲಿ ಓದಿದ್ದು ಕೊರತೆಯಲ್ಲ, ಅನುಕೂಲವೇ. 1958ರಲ್ಲಿ ಚೀನಾ ಅಂಗೀಕರಿಸಿದ ಪಿನ್‌ಯಿನ್ ಎಂಬ ರೋಮನ್ ಬರವಣಿಗೆಯಿಂದಲೇ ಹೆಚ್ಚಿನ ವಿದೇಶಿಯರು ಭಾಷೆಯನ್ನು ಆರಂಭಿಸುತ್ತಾರೆ. ಅಲ್ಲಿ ಇಂಗ್ಲಿಷಿನ 'ಬಿ' ಅಕ್ಷರ ಬರೆದಿದ್ದರೆ ಅದು ನಮ್ಮ 'ಬ' ಅಲ್ಲ, 'ಪ'. 'ಪಿ' ಬರೆದಿದ್ದರೆ ಅದು 'ಫ', ಅಂದರೆ ಇಂಗ್ಲಿಷಿನ 'ಎಫ್' ಅಲ್ಲ, ವರ್ಣಮಾಲೆಯ ಮಹಾಪ್ರಾಣ. ಹಾಗೆಯೇ 'ಡಿ' ಮತ್ತು 'ಟಿ' ಎಂದರೆ ತ ಮತ್ತು ಥ, 'ಜಿ' ಮತ್ತು 'ಕೆ' ಎಂದರೆ ಕ ಮತ್ತು ಖ. ನಾವು ಬೀಜಿಂಗ್ ಎಂದು ಬರೆಯುವ ಊರಿನ ಹೆಸರು ಅವರ ಬಾಯಲ್ಲಿ ಹೆಚ್ಚುಕಡಿಮೆ 'ಪೆಯ್‌ಚಿಂಗ್'. ಇಂಗ್ಲಿಷಿನ ಮೂಲಕ ಬಂದವರಿಗೆ ಈ ಅಲ್ಪಪ್ರಾಣ, ಮಹಾಪ್ರಾಣದ ಭೇದ ತಿಳಿಸಲು ನಾನು ಬಾಯ ಮುಂದೆ ಕಾಗದದ ಚೂರು ಹಿಡಿದು ಊದಿಸುತ್ತೇನೆ. ವರ್ಣಮಾಲೆ ಸರಿಯಾಗಿ ಒಪ್ಪಿಸಿದ ಮಗುವಿಗೆ ಅದರ ಅಗತ್ಯವಿಲ್ಲ. ಶ, ಷ, ಸ ಮೂರೂ ಚೀನೀ ಭಾಷೆಯಲ್ಲಿ ಬೇರೆ ಬೇರೆಯಾಗಿಯೇ ಇವೆ. ಶಂಕರನನ್ನು ಸಂಕರ ಎನ್ನುವ ನಾಲಿಗೆಯಾದರೆ ಮಾತ್ರ ತಿದ್ದಿಕೊಳ್ಳಬೇಕಾಗುತ್ತದೆ.

ಕಷ್ಟವಿರುವುದು ಸ್ವರದ ಏರಿಳಿತದಲ್ಲಿ. ನಾಲ್ಕು ಬಗೆಯ ಏರಿಳಿತಗಳಿದ್ದು, 'ಮೈ' ಎಂಬುದನ್ನು ದನಿ ತಗ್ಗಿಸಿ ಮತ್ತೆ ಏರಿಸಿದರೆ ಕೊಳ್ಳುವುದು, ಮೇಲಿನಿಂದ ಥಟ್ಟನೆ ಬೀಳಿಸಿದರೆ ಮಾರುವುದು. ವ್ಯಾಪಾರದ ಮಾತುಕತೆಯಲ್ಲಿ ಇವೆರಡು ಅದಲುಬದಲಾದರೆ ಏನಾದೀತೆಂದು ನೀವೇ ಊಹಿಸಿ. ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ದುಭಾಷಿಯಾಗಿ ಹೊಸತರಲ್ಲಿ, ಬೆಂಗಳೂರಿನ ಹೊರವಲಯದ ಒಂದು ಕಾರ್ಖಾನೆಗೆ ತೈವಾನಿನಿಂದ ಬಂದ ಎಂಜಿನಿಯರೊಬ್ಬರ ಜೊತೆ ಹೋಗಿದ್ದೆ. ಯಂತ್ರದ ಬಿಡಿಭಾಗ ಎಷ್ಟು ದಿನದಲ್ಲಿ ಬರುತ್ತದೆ ಎಂದು ನಮ್ಮವರು ಕೇಳಿದರು. ಹತ್ತಕ್ಕೆ 'ಷಿ', ನಾಲ್ಕಕ್ಕೆ 'ಸಿ'. ಷಿ-ಸಿ ಎಂದರೆ ಹದಿನಾಲ್ಕು, ಸಿ-ಷಿ ಎಂದರೆ ನಲವತ್ತು. ತರಗತಿಯಲ್ಲಿ ಇದರ ವ್ಯತ್ಯಾಸ ಸ್ಪಷ್ಟ. ಆದರೆ ತೈವಾನಿನ ಮತ್ತು ದಕ್ಷಿಣ ಚೀನಾದ ಬಹಳ ಜನ ಷಕಾರವನ್ನು ಸಕಾರದಂತೆಯೇ ಉಚ್ಚರಿಸುತ್ತಾರೆ, ಹಾಗಾಗಿ ಎರಡೂ 'ಸಿ-ಸಿ' ಎಂದೇ ಕೇಳಿಸಿ, ಯಾವುದು ಏರಿತು ಯಾವುದು ಬಿತ್ತು ಎಂಬುದಷ್ಟೇ ಉಳಿಯುತ್ತದೆ. ಅವರು ಹೇಳಿದ್ದು ನಲವತ್ತು, ನಾನು ಹೇಳಿದ್ದು ಹದಿನಾಲ್ಕು. ಹದಿನೈದನೆಯ ದಿನ ಬಂದ ಫೋನ್ ಕರೆಯನ್ನು ಇಲ್ಲಿ ವಿವರಿಸುವುದಿಲ್ಲ. ಅಂದಿನಿಂದ ಸಂಖ್ಯೆ ಬಂದ ಕಡೆಯಲ್ಲೆಲ್ಲ ಕಾಗದದ ಮೇಲೆ ಬರೆದು ತೋರಿಸಿ ಹೂಂ ಎನ್ನಿಸಿಕೊಂಡೇ ಮುಂದುವರಿಯುತ್ತೇನೆ.

ವ್ಯಾಕರಣದಲ್ಲಿ ನಿಮ್ಮ ಮಗಳಿಗೆ ಒಂದು ಖುಷಿಯ ಸಂಗತಿ ಕಾದಿದೆ. ಕ್ರಿಯಾಪದಕ್ಕೆ ಲಿಂಗ, ವಚನ, ಪುರುಷಗಳ ಪ್ರತ್ಯಯವಿಲ್ಲ. ಕರ್ತೃವಾದ ಮೇಲೆ ಕ್ರಿಯೆ, ಆಮೇಲೆ ಕರ್ಮ ಬರುವುದು ನಮಗೆ ಹೊಸದಾದರೂ, ವಿಶೇಷಣ ವಾಕ್ಯಗಳು ಥೇಟು ಕನ್ನಡದವೇ. 'ನಾನು ನಿನ್ನೆ ಕೊಂಡ ಪುಸ್ತಕ' ಎಂಬುದನ್ನು ಅವರು ಇದೇ ಅನುಕ್ರಮದಲ್ಲಿ, ನಾನು, ನಿನ್ನೆ, ಕೊಳ್ಳು, ನಡುವೆ ಒಂದು ಪ್ರತ್ಯಯದಂಥ 'ತ', ಕೊನೆಗೆ ಪುಸ್ತಕ ಎಂದು ಜೋಡಿಸುತ್ತಾರೆ. ಇಂಗ್ಲಿಷಿನಲ್ಲಿ ಇದನ್ನು ತಲೆಕೆಳಗು ಮಾಡಬೇಕಾಗುತ್ತದೆ. ಪ್ರಶ್ನೆ ಕೇಳಲು ವಾಕ್ಯದ ಕೊನೆಗೆ 'ಮಾ' ಸೇರಿಸಿದರೆ ಸಾಕು, ನಾವು 'ಬಂದಳಾ' ಎನ್ನುವ ಹಾಗೆ. ಅಣ್ಣ, ತಮ್ಮ, ಅಕ್ಕ, ತಂಗಿ, ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಸೋದರತ್ತೆ ಎಲ್ಲಕ್ಕೂ ಬೇರೆ ಬೇರೆ ಪದಗಳಿವೆ. ಆದುದರಿಂದ ಚೀನೀಯನ್ನು ಇಂಗ್ಲಿಷಿಗೆ ತಂದು, ಅಲ್ಲಿಂದ ಅರ್ಥ ಮಾಡಿಕೊಳ್ಳುವ ಅಭ್ಯಾಸ ಬೇಡವೆಂದೂ, ನೋಟ್‌ಬುಕ್ಕಿನ ಅರ್ಥದ ಕಂಬಸಾಲಿನಲ್ಲಿ ಕನ್ನಡವನ್ನೇ ಬರೆಯಬೇಕೆಂದೂ ಮಗಳಿಗೆ ತಿಳಿಸಿ. ಉತ್ತರದ ವಿಶ್ವವಿದ್ಯಾಲಯಗಳಲ್ಲಿ ಪಾಠವನ್ನು ಇಂಗ್ಲಿಷಿನಲ್ಲೂ ಹಾಸ್ಟೆಲ್ ಬದುಕನ್ನು ಹಿಂದಿಯಲ್ಲೂ ನಿಭಾಯಿಸಬೇಕಾಗುತ್ತದೆ, ಮೊದಲ ಆರು ತಿಂಗಳು ಅದೇ ಹೆಚ್ಚು ದಣಿಸುತ್ತದೆ.

ಇನ್ನು ಸಮಯದ ಮಾತು. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸುವಾಗ ಫ್ರೆಂಚ್, ಸ್ಪ್ಯಾನಿಷ್‌ಗಳಿಗೆ ಸುಮಾರು 600ರಿಂದ 750 ತರಗತಿ ಗಂಟೆಗಳನ್ನು ಗೊತ್ತುಮಾಡಿದ್ದರೆ, ಚೀನೀ ಭಾಷೆಗೆ 2,200 ಗಂಟೆಗಳನ್ನು ಇಟ್ಟುಕೊಂಡಿದೆ. ಅದು ಇಂಗ್ಲಿಷ್ ಮಾತೃಭಾಷೆಯವರ ಲೆಕ್ಕವೆಂದು ನಾವು ಕೊಂಚ ಕಳೆದರೂ, ಲಿಪಿ ನಮಗೂ ಅಷ್ಟೇ ಅಪರಿಚಿತ. ಕಾಲೇಜಿನಲ್ಲಿ ವಾರಕ್ಕೆ ಹದಿನೈದು ಗಂಟೆಯಂತೆ ವರ್ಷಕ್ಕೆ ಮೂವತ್ತು ವಾರ ಪಾಠ ನಡೆದರೆ ಮೂರು ವರ್ಷಕ್ಕೆ 1,350 ಗಂಟೆಗಳಾಗುತ್ತವೆ. ಅಂದರೆ ಒಳ್ಳೆಯ ಕಡೆ ಶ್ರದ್ಧೆಯಿಂದ ಮೂರು ವರ್ಷ ಓದಿದವರೂ ದಾರಿಯ ಅರ್ಧವನ್ನು ಸ್ವಲ್ಪ ದಾಟಿರುತ್ತಾರಷ್ಟೇ, ಉಳಿದದ್ದಕ್ಕೆ ಎಂ.ಎ. ಅಥವಾ ಆ ಭಾಷೆಯಾಡುವ ನೆಲದಲ್ಲಿ ಒಂದು ವರ್ಷ ಬೇಕು. ಭಾನುವಾರದ ತರಗತಿಯಲ್ಲಿ ಮೂರು ಗಂಟೆ ಕಲಿಯುವವರು 2,200 ಗಂಟೆಗಳ ಲೆಕ್ಕ ಹಾಕಿಕೊಂಡರೆ, ಒಂದು ಭಾನುವಾರವನ್ನೂ ತಪ್ಪಿಸದಿದ್ದರೂ ಹದಿನಾಲ್ಕು ವರ್ಷ ಹಿಡಿಯುತ್ತದೆ. 'ಮೂರು ತಿಂಗಳಲ್ಲಿ ಮ್ಯಾಂಡರಿನ್' (ಪ್ರಮಾಣಿತ ಚೀನೀ ಭಾಷೆಗೆ ಇಂಗ್ಲಿಷಿನ ಹೆಸರು) ಎಂಬ ಜಾಹೀರಾತುಗಳನ್ನು ಈ ತಕ್ಕಡಿಯಲ್ಲಿಟ್ಟು ನೋಡಿ.

ಶತ್ರುದೇಶದ ಭಾಷೆ ಎಂಬ ಮಾತಿಗೆ ಉತ್ತರ ಸುಲಭ. ಶಾಂತಿನಿಕೇತನದ ಚೀನಾ ಭವನವನ್ನು ರವೀಂದ್ರನಾಥ ಠಾಕೂರರು ಚೀನೀ ವಿದ್ವಾಂಸ ತಾನ್ ಯುನ್-ಷಾನ್ ಅವರ ನೆರವಿನಿಂದ 1937ರಲ್ಲಿ ತೆರೆದರು, ಅದು ಇಂದು ವಿಶ್ವಭಾರತಿ ಎಂಬ ಕೇಂದ್ರೀಯ ವಿಶ್ವವಿದ್ಯಾಲಯದ ಭಾಗ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯವೂ (ಜೆಎನ್‌ಯು) ಕೇಂದ್ರ ಸರ್ಕಾರದ್ದೇ. ರಕ್ಷಣಾ ಸಚಿವಾಲಯದ ವಿದೇಶಿ ಭಾಷಾ ಶಾಲೆಯಲ್ಲಿ ಚೀನೀ ಕಲಿಸುತ್ತಾರೆ, ವಿದೇಶಾಂಗ ಸೇವೆಗೆ ಆಯ್ಕೆಯಾದ ಅಧಿಕಾರಿಗಳಿಗೆ ಕಲಿಯಲು ಕೊಡುವ ಭಾಷೆಗಳಲ್ಲಿ ಅದೂ ಒಂದು. ಸಂಬಂಧ ಕೆಟ್ಟಿರುವ ನೆರೆಯವರ ಭಾಷೆ ಬಲ್ಲವರೇ ಸರ್ಕಾರಕ್ಕೆ ಹೆಚ್ಚು ಬೇಕು. ಚೀನಾದಲ್ಲಿ ಓದಿದವರು ಮಾತ್ರ ಒಂದನ್ನು ನೆನಪಿಡಬೇಕು: ಸರ್ಕಾರಿ ಹುದ್ದೆಯ ಪೂರ್ವಾಪರ ಪರಿಶೀಲನೆಯಲ್ಲಿ ವಿದೇಶವಾಸದ ವಿವರವನ್ನು ಮುಚ್ಚಿಡದೆ ಬರೆಯಬೇಕು.

ಹಾಗೆಂದು ರಾಜಕೀಯದ ಬಿಸಿ ತಟ್ಟುವುದೇ ಇಲ್ಲವೆಂದಲ್ಲ. 2020ರ ಜೂನ್‌ನಲ್ಲಿ ಲಡಾಖಿನ ಗಲ್ವಾನ್ ಕಣಿವೆಯಲ್ಲಿ ಭಾರತ, ಚೀನಾ ಸೈನಿಕರ ಘರ್ಷಣೆಯಾದ ಬೆನ್ನಿಗೇ 59 ಚೀನೀ ಆ್ಯಪ್‌ಗಳು ನಿಷೇಧವಾದವು, ಆ ಕಂಪನಿಗಳ ಕೆಲಸವನ್ನು ನಂಬಿ ಬಾಡಿಗೆಮನೆ ಹಿಡಿದಿದ್ದ ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ಒಂದೇ ವಾರದಲ್ಲಿ ಊರಿಗೆ ಮರಳಿದರು. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿಯ ಕರಡಿನಲ್ಲಿದ್ದ ಚೀನೀ ಭಾಷೆಯ ಹೆಸರು ಅಂತಿಮ ಪ್ರತಿಯಲ್ಲಿ ಕಾಣಲಿಲ್ಲ. ಅದರಲ್ಲಿ ಕೊರಿಯನ್, ಜಪಾನೀ, ಥಾಯ್ ಹೆಸರುಗಳಿದ್ದವು. ಕೋವಿಡ್ ಕಾಲದಲ್ಲಿ ಊರಿಗೆ ಬಂದ ಭಾರತೀಯ ವಿದ್ಯಾರ್ಥಿಗಳು ಮತ್ತೆ ಚೀನಾಕ್ಕೆ ಹೋಗಲು ಎರಡೂವರೆ ವರ್ಷದಷ್ಟು ಕಾದರು. ಇದರ ಇನ್ನೊಂದು ಮಗ್ಗುಲೆಂದರೆ, ಈ ಎಲ್ಲದರ ನಡುವೆಯೂ ಎರಡು ದೇಶಗಳ ವ್ಯಾಪಾರ ವರ್ಷಕ್ಕೆ 100 ಬಿಲಿಯನ್ ಡಾಲರ್ ಮೀರಿಯೇ ಇದೆ, 2025ರ ಅಕ್ಟೋಬರ್‌ನಲ್ಲಿ ನೇರ ವಿಮಾನಗಳೂ ಮತ್ತೆ ಶುರುವಾದವು. ಚೀನೀ ಮಾತು ತೈವಾನಿನ ಭಾಷೆಯೂ ಹೌದೆಂಬುದನ್ನು ಕರ್ನಾಟಕದವರು ಮುಖ್ಯವಾಗಿ ಗಮನಿಸಬೇಕು. ಕೋಲಾರದ ನರಸಾಪುರದ ಐಫೋನ್ ಕಾರ್ಖಾನೆಯನ್ನು ಕಟ್ಟಿದ್ದು ತೈವಾನಿನ ವಿಸ್ಟ್ರಾನ್, ಆಮೇಲೆ ಅದನ್ನು ಟಾಟಾ ಕೊಂಡಿತು. ದೇವನಹಳ್ಳಿಯ ಕಡೆ ಬಂದಿರುವ ಫಾಕ್ಸ್‌ಕಾನ್ ಕೂಡ ತೈವಾನಿನದೇ.

ಮೊಬೈಲ್ ಅನುವಾದವನ್ನು ನಾನು ಹಗುರಾಗಿ ಕಾಣುವುದಿಲ್ಲ. ಯಂತ್ರದ ಕೈಪಿಡಿ, ಸರಕಿನ ಪಟ್ಟಿ, ಸಾಮಾನ್ಯ ಇಮೇಲ್‌ಗಳನ್ನು ಅನುವಾದಿಸಿ ಬದುಕುವ ಕಾಲ ಮುಗಿಯುತ್ತ ಬಂದಿದೆ, ಅದನ್ನೇ ನಂಬಿ ಈ ಓದಿಗೆ ಇಳಿಯಬಾರದು. ಉಳಿದಿರುವುದು ಮಾತಿನ ಹಿಂದಿನ ಮನಸ್ಸನ್ನು ಓದುವ ಕೆಲಸ, ಕಾಲೇಜಿನ ಕೋರ್ಸಿನಲ್ಲಿ ಸಂಸ್ಕೃತಿ ಎಂಬ ಪತ್ರಿಕೆ ಇರುವುದೂ ಅದಕ್ಕೇ. ಚೀನಾದಲ್ಲಿ ಅಧಿಕಾರಿಯೊಬ್ಬರು 'ಯೆನ್‌ಚ್ಯೂ ಯೆನ್‌ಚ್ಯೂ' ಎಂದರೆ ಪದಶಃ 'ಪರಿಶೀಲಿಸೋಣ' ಎಂದು. ಮೊಬೈಲು ಹಾಗೆಯೇ ತೋರಿಸುತ್ತದೆ, ನಮ್ಮ ಕಂಪನಿಯವರು ಹಿಗ್ಗಿ ಕಾಯುತ್ತ ಕೂರುತ್ತಾರೆ. ನಮ್ಮ ಹಿರಿಯರು ಹೆಣ್ಣು ನೋಡಿ ಬಂದು 'ನೋಡೋಣ, ತಿಳಿಸುತ್ತೇವೆ' ಎನ್ನುವುದನ್ನು ಬಲ್ಲ ಹುಡುಗಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಪದಕ್ಕೆ ಹೊಗೆಸೊಪ್ಪು ಮತ್ತು ಮದ್ಯ ಎಂಬ ಪದಗಳ ಉಚ್ಚಾರ ಹತ್ತಿರವಿರುವುದರಿಂದ, ಕಡತ ಮುಂದೆ ಹೋಗಲು ಏನು ಬೇಕೆಂಬ ಹಳೆಯ ಕುಹಕವೂ ಅದರಲ್ಲಿದೆ. ನಾಲ್ಕು ಅಕ್ಷರಗಳ ಅವರ ನಾಣ್ಣುಡಿಗಳೂ ಹೀಗೆಯೇ. 'ಹಾವಿನ ಚಿತ್ರಕ್ಕೆ ಕಾಲು ಸೇರಿಸಿದಂತೆ' ಎಂಬುದನ್ನು (ಬೇಡದ್ದನ್ನು ಸೇರಿಸಿ ಕೆಡಿಸುವುದು ಎಂದರ್ಥ) ಅದರ ಕತೆ ತಿಳಿಯದವರು ಅನುವಾದಿಸಿದರೆ ಕೇಳಿದವರು ಹಾವನ್ನು ಹುಡುಕುತ್ತಾರೆ. ಹೀಗಾಗಿ ಇತಿಹಾಸ, ಕಾವ್ಯ, ಬೌದ್ಧ ಮತ್ತು ಕನ್ಫ್ಯೂಷಿಯಸ್ ಚಿಂತನೆಗಳ ಪಾಠಗಳನ್ನು ಪರೀಕ್ಷೆಗೆ ಮುಗಿಸುವ ಹೊರೆಯೆಂದು ಕಾಣುವವರು ಒಳ್ಳೆಯ ದುಭಾಷಿಗಳಾಗುವುದನ್ನು ನಾನು ಕಂಡಿಲ್ಲ.

ಈಗ ದಾರಿಗಳು. ಮಗಳು ಹೇಳುವ ದಾರಿ, ಅಂದರೆ ಜೆಎನ್‌ಯು ಅಥವಾ ವಿಶ್ವಭಾರತಿಯಂಥ ಕಡೆ ಬಿ.ಎ. ಆನರ್ಸ್, ಕಲಿಕೆಯ ದೃಷ್ಟಿಯಿಂದ ಇರುವುದರಲ್ಲಿ ಉತ್ತಮ. ಶುಲ್ಕ ಕಡಿಮೆ, ಹಾಸ್ಟೆಲ್ ಸಿಕ್ಕರೆ ಎರಡು ಎಕರೆ ತೋಟದ ಸಂಸಾರಕ್ಕೂ ನಿಭಾಯಿಸಬಹುದು, ಸಿಗದಿದ್ದರೆ ದೆಹಲಿಯ ಬಾಡಿಗೆ ಭಾರವಾದೀತು. ಸೊನ್ನೆಯಿಂದಲೇ ಕಲಿಸುತ್ತಾರೆ. ಸೀಟುಗಳು ಕಡಿಮೆಯಿದ್ದು ಪ್ರವೇಶಕ್ಕೆ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. ಈ ದಾರಿಯ ದೊಡ್ಡ ಅಪಾಯವೆಂದರೆ, ಮೂರು ವರ್ಷ ಮುಗಿಸಿ ಅಲ್ಲಿಗೇ ನಿಲ್ಲಿಸುವುದು. ಅರೆಬೆಂದ ಭಾಷೆ ಮತ್ತು ಬೇರಾವ ವಿಷಯವೂ ಗೊತ್ತಿಲ್ಲದ ಪದವಿ, ಇವೆರಡೇ ಕೈಯಲ್ಲಿದ್ದರೆ ಕಷ್ಟ. ಭಾಷೆಯ ಜೊತೆಗೆ ಅರ್ಥಶಾಸ್ತ್ರವೋ, ಅಂತರರಾಷ್ಟ್ರೀಯ ಸಂಬಂಧವೋ, ಆಮದು-ರಫ್ತಿನ ಕಾಗದಪತ್ರದ ಜ್ಞಾನವೋ ಒಂದು ಇರಲೇಬೇಕು. ಅಧ್ಯಾಪನ ಬೇಕೆಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಅಧ್ಯಾಪಕ ಅರ್ಹತಾ ಪರೀಕ್ಷೆ ನೆಟ್‌ನಲ್ಲಿ ಚೀನೀ ವಿಷಯವಿದೆ, ಆದರೆ ಹುದ್ದೆಗಳು ಬೆರಳೆಣಿಕೆಯವು.

ಎರಡನೆಯದು, ಕರ್ನಾಟಕದಲ್ಲೇ ಬಿ.ಕಾಂ. ಅಥವಾ ಅರ್ಥಶಾಸ್ತ್ರದ ಬಿ.ಎ. ಓದುತ್ತ ಸಂಜೆಯ ಸರ್ಟಿಫಿಕೇಟ್, ಡಿಪ್ಲೊಮಾ ಮಾಡಿಕೊಳ್ಳುವುದು. ಕೆಲಸದ ದೃಷ್ಟಿಯಿಂದ ಸುರಕ್ಷಿತ, ಭಾಷೆಯ ದೃಷ್ಟಿಯಿಂದ ತೆಳು. ಇದನ್ನು ಆರಿಸಿದರೆ ಪದವಿಯಾದ ಮೇಲೆ ಒಂದು ವರ್ಷವನ್ನು ಪೂರ್ತಿ ಭಾಷೆಗೇ ಕೊಡುವ ಯೋಜನೆ ಇರಬೇಕು. ತೈವಾನಿನ ಶಿಕ್ಷಣ ಸಚಿವಾಲಯ ಚೀನೀ ಕಲಿಯಲೆಂದೇ ಕೊಡುವ ಹುವಾಯು ವಿದ್ಯಾರ್ಥಿವೇತನವನ್ನು ಇಂಥ ವರ್ಷಕ್ಕೆ ನಾನು ಹೆಚ್ಚಾಗಿ ಸೂಚಿಸುತ್ತೇನೆ. ಅಲ್ಲಿ ಹಳೆಯ, ಹೆಚ್ಚು ಗೆರೆಗಳ ಲಿಪಿ ಬಳಕೆಯಲ್ಲಿದೆ. ಚೀನಾ 1956ರಿಂದ ಸರಳಗೊಳಿಸಿದ ಲಿಪಿ ಕಲಿತವರು ಒಂದೆರಡು ತಿಂಗಳು ತಡವರಿಸುತ್ತಾರೆ, ಆಮೇಲೆ ಎರಡನ್ನೂ ಓದುವವರಾಗುತ್ತಾರೆ. ನನ್ನನ್ನು ಕೇಳಿದರೆ ನಿಮ್ಮ ಮಗಳಂಥವರಿಗೆ ಮೊದಲನೆಯ ದಾರಿಯೇ ಸರಿ. ಅಲ್ಲಿ ಸೀಟು ಸಿಗದಿದ್ದರೆ ಒಂದು ವರ್ಷ ಮನೆಯಲ್ಲಿ ಕೂರದೆ ಎರಡನೆಯದಕ್ಕೆ ಬರಬೇಕು.

ಪಿಯುಸಿ ಮುಗಿಸಿ ನೇರವಾಗಿ ಚೀನಾಕ್ಕೆ ಕಳಿಸುವ ದಲ್ಲಾಳಿಗಳು ನಿಮ್ಮನ್ನೂ ಹುಡುಕಿಕೊಂಡು ಬರಬಹುದು. ಹದಿನೆಂಟರ ವಯಸ್ಸಿಗೆ ಆ ದಾರಿಯನ್ನು ನಾನು ಒಪ್ಪುವುದಿಲ್ಲ. ಹೋಗಲೇಬೇಕಾದರೆ ಅಲ್ಲಿನ ಪದವಿಗೆ ಇಲ್ಲಿ ಸಮಾನತೆ ಸಿಗುತ್ತದೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ಯುಜಿಸಿ ನಿಯಮಗಳಲ್ಲಿ ನೋಡಬೇಕು. 2022ರಲ್ಲಿ ಚೀನಾದ ವಿಶ್ವವಿದ್ಯಾಲಯಗಳು ಆನ್‌ಲೈನ್‌ನಲ್ಲಿ ಕಲಿಸಿದ ಪದವಿಗಳ ಬಗ್ಗೆ, ಪೂರ್ವಾನುಮತಿಯಿಲ್ಲದಿದ್ದರೆ ಮಾನ್ಯತೆಯಿಲ್ಲವೆಂದು ಯುಜಿಸಿ ಎಚ್ಚರಿಸಿತ್ತು.

ತಾಯಿಯವರ ಚಿಂತೆಗೂ ಉತ್ತರವಿದೆ. ಬೌದ್ಧ ಸಂಪ್ರದಾಯದ ಸಸ್ಯಾಹಾರಕ್ಕೆ ಚೀನೀಯಲ್ಲಿ 'ಸು' ಎಂದು ಹೆಸರು. ತೈವಾನಿನಲ್ಲಿ ಅಂಥ ಹೋಟೆಲುಗಳು ಯಥೇಚ್ಛ, ಚೀನಾದ ದೊಡ್ಡ ಊರುಗಳಲ್ಲಿ ಹುಡುಕಿದರೆ ಸಿಗುತ್ತವೆ. ಕಟ್ಟುನಿಟ್ಟಿನ ಕಡೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ನಿಮ್ಮ ಮನೆಯ ಶ್ರಾದ್ಧದಡುಗೆಗೆ ಹತ್ತಿರದ್ದೇ. ಮಾಮೂಲಿ ಹೋಟೆಲಿನಲ್ಲಿ ಮಾತ್ರ 'ಮಾಂಸ ಬೇಡ' ಎಂದಷ್ಟೇ ಹೇಳಿದರೆ ತುಂಡುಗಳನ್ನು ತೆಗೆದು ಸಾರನ್ನು ಬಡಿಸುವುದುಂಟು.

ಸಿಯುಇಟಿ ಅರ್ಜಿ ದ್ವಿತೀಯ ಪಿಯುಸಿ ಪರೀಕ್ಷೆಯ ಗಡಿಬಿಡಿಯಲ್ಲೇ, ಕೆಲವೊಮ್ಮೆ ಅದಕ್ಕೂ ಮೊದಲೇ ಬಂದು ಮುಗಿದುಹೋಗುತ್ತದೆ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಲಭ್ಯ, ಆದರೆ ಯಾವ ವಿಶ್ವವಿದ್ಯಾಲಯ ಯಾವ ಭಾಷಾ ಪತ್ರಿಕೆಯನ್ನು ಕಡ್ಡಾಯ ಮಾಡಿದೆ ಎಂಬುದನ್ನು ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ನೋಡಿಕೊಂಡೇ ಅರ್ಜಿ ತುಂಬಬೇಕು. ಅಲ್ಲಿಯವರೆಗೆ ಮಗಳು ಅಕ್ಷರ ಬರೆಯುವುದನ್ನು ಅರ್ಧಕ್ಕಿಳಿಸಿ, ಉಳಿದ ಅರ್ಧ ಹೊತ್ತನ್ನು ಕೇಳುವುದಕ್ಕೆ ಕೊಡಲಿ. ದಿನಕ್ಕೆ ಇಪ್ಪತ್ತು ನಿಮಿಷ ಒಂದು ಸಣ್ಣ ಸಂಭಾಷಣೆಯನ್ನು ಕೇಳಿ, ತನ್ನ ದನಿಯಲ್ಲಿ ಮೊಬೈಲಿನಲ್ಲಿ ದಾಖಲಿಸಿ, ಮೂಲದ ಪಕ್ಕದಲ್ಲಿಟ್ಟು ಮತ್ತೆ ಕೇಳಲಿ. ಮೂರು ತಿಂಗಳ ನಂತರ, ಮುಖ ನೋಡದೆ ಬರೀ ದನಿ ಕೇಳಿ ಹದಿನಾಲ್ಕು ಯಾವುದು, ನಲವತ್ತು ಯಾವುದು ಎಂದು ಅವಳು ಹತ್ತಕ್ಕೆ ಎಂಟು ಸಲ ಸರಿಯಾಗಿ ಹೇಳುವಂತಾದರೆ ದೆಹಲಿಯ ಟಿಕೆಟ್ಟಿಗೆ ಹಣ ಎತ್ತಿಡಿ.